ಹಿಂದಿನ ಸೀಟು

ನಮ್ಮ ಪಾವತಿ ಪುಸ್ತಕದಾಗ ನಾಕ ಕಾಲಂ:
ನಗದು, ಕಾಳು, ಬಟ್ಟಿ, ಇತರೆ.
ಇತರೆ ಅಂದ್ರ ಇಷ್ಟು ವರ್ಷ
ಒಂದು ಗೋಡೆ ಗಡಿಯಾರ, ಎರಡು ತೊಟ್ಟಿಲ,
ಹಾಲು ಬತ್ತಿದ ಒಂದು ಆಕಳ.
ಇವತ್ತು ಬೆಟಗೇರಿಯ ಈ ಹೆರಿಗಿ ಆಸ್ಪತ್ರಿ ಅಂಗಳದಾಗ
ಎರಡು ಟನ್ನಿನ ಪ್ಯಾಕಾರ್ಡ್ ಬಂದು ನಿಂತೇತಿ,
ಟ್ರ್ಯಾಕ್ಟರಿನ ಹಗ್ಗಕ್ಕ ಕೊರಳು ಕೊಟ್ಟು.

"ಬರಿಯೋ ಕಳಕಪ್ಪ," ಅಂದ್ರು ನೀಲಗಂಗವ್ವ ಕೊಟ್ರಶೆಟ್ಟರ.
"ಅಮೆರಿಕಾದ ಕಾರು, ಒಂದು. ಹಳೇದು. ಬಣ್ಣ..."
ಬಣ್ಣಕ್ಕ ಬಂದು ತಡವರಿಸಿದರು.
ಒಂದು ಕಾಲಕ್ಕ ಎಳೀ ಕಡ್ಲಿ ಹಸರು ಇತ್ತಂತ.
ಜಿನ್ನಿನ ಶೆಡ್ಡಿನಾಗ ಮೂವತ್ತೆರಡು ವರ್ಷ
ಹತ್ತಿ ಧೂಳು ಉಂಡು
ಮಜ್ಜಿಗಿ ಬಣ್ಣಕ್ಕ ತಿರಿಗೇತಿ.

"ಅವರು ಇದರಾಗ ಕುಂತು ಅಡತಿ ಅಂಗಡಿಗೆ ಹೊಂಟ್ರ
ಹಾದಿ ಮಂದಿ ಸರದು ನಿಲ್ಲತಿದ್ರು.
ನಾನೂ ಸರದು ನಿಂತಾಕಿನ.
ಎಣಿಸಿ ಮೂರು ಸಲ ಕುಂತೇನಿ:
ಮದುವಿ ದಿನ ಒಮ್ಮೆ.
ಹುಬ್ಬಳ್ಳಿಂದ ಅವರ ಹೆಣ ತಂದ ರಾತ್ರಿ ಒಮ್ಮೆ.
ನಡಕಿಂದು ಕೇಳಬ್ಯಾಡ."

ಮಠದವರು ಕೇಳಿದ್ದರಂತ, ಕಾಲೇಜಿನವರೂ.
ಆಕಿ ಇಲ್ಲಿಗೇ ತಂದರು.
ನಾನು ಕೇಳಲಿಲ್ಲ.

ದಾವಲಸಾಬ ನದಾಫ ಬಂದು ಬಾನೆಟ್ಟು ಎತ್ತಿದ.
ಎಂಟು ಸಿಲಿಂಡರು ಒಂದ ಸಾಲಿಗೆ, ಪಂಗತಿಗೆ ಕುಂತಾಂಗ;
ಬಡಿಸೋರು ಮಾತ್ರ ಎದ್ದು ಹೋಗ್ಯಾರ.
"ಆಂಬುಲೆನ್ಸ್ ಮಾಡೋಣಂದ್ರ
ಬಾಣಂತಿಗಿಂತ ಇದರ ಖರ್ಚೇ ಹೆಚ್ಚು," ಅಂದ.
ಆಮ್ಯಾಲ ಹಿಂದಿನ ಸೀಟಿಗೆ ಬೆರಳು ಚುಚ್ಚಿದ,
ಮೂರು ತಲಿಮಾರು ಗಾದಿ ಹೊಲಿದ ಮನಿತನದ ಬೆರಳು.
"ಹತ್ತಿ ಅಲ್ರೀ ಇದು. ಕುದುರಿ ಕೂದಲ."
ಗದಗಿನ ಅಳ್ಳಿ ಮಾರಿ ಮಾರಿ ಕೊಂಡ ಕಾರಿನಾಗ
ಒಂದು ಹಿಡಿ ಹತ್ತಿ ಇರಲಿಲ್ಲ.

ಇಲಿ ಕಡಿಬಾರದಂತ ಸೀಟು ಬಿಚ್ಚಿ
ಹೆರಿಗಿ ಕೋಣಿ ಮುಂದ ಇಟ್ಟೆವು. ಇಟ್ಟದ್ದಷ್ಟ.
ಮರುದಿನ ಮುಂಜಾನೆ ಅದರ ಮ್ಯಾಲ
ನರಗುಂದದ ಒಬ್ಬ ಅತ್ತಿ, ಅಬ್ಬಿಗೇರಿಯ ಒಬ್ಬ ಗಂಡ,
ಅವನ ತೊಡಿ ಮ್ಯಾಲ ಬಿಚ್ಚದ ಬುತ್ತಿ.
ಉಣ್ಣಿ ಬಟ್ಟಿ ಚುಚ್ಚತೈತಂತ
ನೀಲಗಂಗವ್ವ ಯಾವಾಗೋ ಹೊಲಿಸಿದ್ದ ಗುಳೇದಗುಡ್ಡದ ಖಣದ ಕವರಿಗೆ
ಹಿಂಗ ಮೊದಲ ಸಲ ಚಹಾದ ಕಲೆ ಬಿತ್ತು.

ಕೊಲ್ಲಾಪುರದಿಂದ ಗಿರಾಕಿ ಬಂದ. ಬಿಳಿ ಬೂಟು.
ಮೂತಿ ಮ್ಯಾಲಿನ ಉಕ್ಕಿನ ಹಕ್ಕಿ ಸವರಿ
ಇಂಗ್ಲಿಷಿನಾಗ ಅದರ ಹೆಸರು ಹೇಳಿದ.
"ಮಾಗಡಿ ಕೆರಿಗೆ ಬರತಾವಲ್ರೀ, ಅಂಥಾದ್ದ," ಅಂದಳು ಆಯಾ ದುರಗವ್ವ.
"ಅವು ಚಳಿ ಮುಗದ ಕೂಡಲೆ ಹೊಳ್ಳಿ ಹೊಕ್ಕಾವು.
ಇದಕ್ಕ ಯಾರೂ ಹೇಳಿಲ್ಲೇನೋ ಪಾಪ."

ಹಿಂದಿನ ಸೀಟೆಲ್ಲಿ, ಕೇಳಿದ ಅವ.
ಸೀಟು ಇದ್ರ ಆರು ಲಕ್ಷ.
ಇಲ್ಲಂದ್ರ ನಲವತ್ತು ಸಾವಿರ ಕಡಿಮಿ.
ನಲವತ್ತು ಸಾವಿರಕ್ಕ ಎಷ್ಟು ಸಲಾಯಿನ್ ಬಾಟ್ಲಿ,
ಎಷ್ಟು ತಿಂಗಳ ಲೈಟ್ ಬಿಲ್ಲು,
ನನ್ನ ತಲಿ ಗುಮಾಸ್ತನ ತಲಿ. ಒಳಗ ನಡದೆ.

ಸೀಟಿನ ಮ್ಯಾಲ ಒಬ್ಬಾಕಿ ಮಲಗಿದ್ದಳು,
ದಿನ ತುಂಬಿ, ಎಡಮಗ್ಗಲಾಗಿ,
ಒಂದು ಕೈ ಹೊಟ್ಟಿ ಮ್ಯಾಲ, ಇನ್ನೊಂದು
ಬಾಗಲ ಹಿಡಕಿ ಇರಬೇಕಾದ ಜಾಗದಾಗ.
ಮುಖ ಎಲ್ಲಿಗೋ ಹೊಂಟಾಂಗಿತ್ತು.
ಆಕಿ ಕಾಲ ಕಡೆ, ನೆಲದ ಮ್ಯಾಲ,
ನೀಲಗಂಗವ್ವ ಕುಂತಿದ್ದರು. ಸರದು.

"ಎಬ್ಬಿಸಬ್ಯಾಡೋ," ಅಂದ್ರು. "ಊರು ಬರಲಿ."

ಐದು ಲಕ್ಷ ಅರವತ್ತು ಸಾವಿರ. ಚೆಕ್ಕಿನ ಮೂಲಕ.
ಸ್ಟೆಪ್ನಿ ಒಯ್ಯೂದು ಮರತು ಹೋದ ಅವ.
ದುರಗವ್ವ ಅದರ ನಡಕ ಮಣ್ಣು ತುಂಬಿ
ಪುದೀನ ಹಚ್ಚ್ಯಾಳ.
ಅದನ್ನ ಯಾವ ಕಾಲಮ್ಮಿಗೂ ಬರದಿಲ್ಲ.