ಹನ್ನೊಂದನೇ ಬೊಡ್ಡೆ

ಕಮಲಾಪುರ ಸ್ಟೇಶನ್ನಿನ ಗೋಡೆ,
ಹನ್ನೆರಡು ಫೂಟು ಅಗಲ, ಏಳು ಎತ್ತರ, ಸುಣ್ಣ ಇನ್ನೂ ಹಸಿ.
"ನಿಸರ್ಗ ಬರೀರಿ. ನಡುವ ಒಂದು ರೈಲು. ಚಂದ ಕಾಣಬೇಕು"
ಎಂದರು ಇಂಜಿನಿಯರ್ ಸಾಹೇಬರು,
ಅಡ್ವಾನ್ಸು ಎರಡು ಸಾವಿರ ಕೊಟ್ಟು ಜೀಪು ಹತ್ತಿದರು.

ನೆನಪಾದದ್ದು ಜಬ್ಬಾರ ಮಾಸ್ತರರ ಸ್ಲೈಡು.
ಕಲಬುರಗಿಯ ಚಿತ್ರಶಾಲೆ, ತಗಡಿನ ಛಾವಣಿ,
ಕಿಟಕಿಗೆ ಕಟ್ಟಿದ ಕರೀ ಕಂಬಳಿ,
ಪ್ರೊಜೆಕ್ಟರಿನ ಬೆಳಕಿನಲ್ಲಿ ಈಜುವ ಸೀಮೆಸುಣ್ಣದ ಧೂಳು.
ಅಮೆರಿಕ, ನೂರೈವತ್ತು ವರ್ಷದ ಹಿಂದಿನದು:
ಜೇನುಬಣ್ಣದ ಕಣಿವೆ,
ದೂರದಲ್ಲಿ ಇರುವೆಯಷ್ಟು ರೈಲು,
ಅದರ ಹೊಗೆ ಮೋಡದ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.
"ಎಷ್ಟು ಶಾಂತ ಅದ ನೋಡ್ರಿ ಸಾರ್" ಅಂದೆ.
ಮಾಸ್ತರರು ಬೆತ್ತದ ತುದಿ ಕೆಳಗಿಳಿಸಿದರು.
ಮುಂದಿನ ಹುಲ್ಲಿನಲ್ಲಿ, ಹಲ್ಲು ಕಿತ್ತ ವಸಡಿನ ಹಾಗೆ,
ಕಡಿದ ಬೊಡ್ಡೆಗಳು.
"ಎಣಿಸು."
ಎಣಿಸಿದೆ, ತಪ್ಪಿದೆ, ಮತ್ತೆ ಎಣಿಸಿದೆ.
"ರೊಕ್ಕ ಕೊಟ್ಟಾಂವ ರೈಲು ಬರಿ ಅಂದಿರಬೇಕು.
ಇಂವ ರೈಲೂ ಬರದಾನ, ಲೆಕ್ಕಾನೂ ಬರದಾನ.
ಹೊಗಳ್ಯಾನೋ ಬೈದಾನೋ
ನನಗ ಇವತ್ತಿಗೂ ತಿಳಿದಿಲ್ಲ ಬೇಟಾ."
ಅಷ್ಟರಲ್ಲಿ ಕರೆಂಟು ಹೋಯಿತು.

ಒಂಬತ್ತು ದಿನ ಬರೆದೆ.
ಮೊದಲು ಎರಿ ಹೊಲ, ಅದರ ಮೇಲೆ ತೊಗರಿ ಹೂವಿನ ಹಳದಿ.
ಮರಗುತ್ತಿ ಗುಡ್ಡದ ಕೆಂಪು ಮಾತ್ರ ಕೈಗೆ ಹತ್ತಲಿಲ್ಲ;
ಇಟ್ಟಿಗೆಪುಡಿ ಕಲಸಿ ನೋಡಿದೆ, ಕುಂಕುಮ ಕಲಸಿ ನೋಡಿದೆ,
ಕೊನೆಗೆ ಈ ಊರಿನ ಕೆಂಬಾಳೆಯ ಸಿಪ್ಪೆ
ಪಕ್ಕಕ್ಕಿಟ್ಟುಕೊಂಡು ಬಣ್ಣ ಕೂಡಿಸಿದೆ. ಕೂಡಿತು.
ಗುಡ್ಡದ ಹೊಟ್ಟೆಗೆ ಸುರಂಗ, ಸುರಂಗದ ಬಾಯಿಗೆ ನೀಲಿ ಡಬ್ಬಿಗಳು.
ಡೀಸೆಲ್ಲಿಗೆ ಅಂಥ ಹೊಗೆ ಎಲ್ಲಿಂದ ಬರಬೇಕು?
ನನ್ನ ಮೋಡಗಳು ಒಂಟಿಯಾಗೇ ಉಳಿದವು.

ಹಿಂದೆ ಯಾರೋ ನಿಂತಿದ್ದರು.
ತಾಂಡಾದ ಥಾವರಿಬಾಯಿ, ತಲೆಯ ಮೇಲೆ ಸೀತಾಫಲದ ಬುಟ್ಟಿ.
"ಗುಡ್ಡದ ಮ್ಯಾಲಿನ ಗಿಡಾ ಎಲ್ಲಿ?"
"ಈಗ ಇಲ್ಲಲ್ಲವ್ವಾ."
"ಈಗಿಂದು ನಾನೇ ದಿನಾ ನೋಡ್ತೀನಿ. ನೀ ಯಾಕ ಬರೀಬೇಕು?"
ಬುಟ್ಟಿ ಇಳಿಸಿ ಬೆರಳು ಮಡಚತೊಡಗಿದಳು:
ಮುತ್ತಲ ಐದು, ಬೇವು ಮೂರು, ತಪಸಿ ಎರಡು.
ಒಂದು ಬೆರಳು ಹಾಗೇ ನಿಂತಿತು.
"ಹುಣಸಿ. ನಮ್ಮವ್ವ ಅದರ ನೆರಳಾಗ ನನ್ನ ಹಡದಾಳ."

ಹತ್ತು ಬೊಡ್ಡೆ ಸಂಜೆಯೊಳಗೆ ಮುಗಿದವು.
ಹುಣಸೆಯದಕ್ಕೆ ಟಾರ್ಚು ಬೇಕಾಯಿತು;
ಒಂದೊಂದೇ ಸುತ್ತು, ಒಳಗಿನಿಂದ ಹೊರಕ್ಕೆ,
ಕೂದಲೆಳೆಯ ಕುಂಚದಲ್ಲಿ,
ಅವಳ ವಯಸ್ಸು ದಾಟಿ, ಅವಳವ್ವನ ವಯಸ್ಸು ದಾಟಿ,
ಹಳಿ ಬಿದ್ದ ವರ್ಷದವರೆಗೆ.

ಸಾಹೇಬರು ಬಂದರು.
ದೂರ ನಿಂತರು, ಹತ್ತಿರ ಬಂದರು, ಮತ್ತೆ ದೂರ.
"ರೈಲು ಚೊಲೊ ಬಂದದ. ಕರೆಂಟಿನ ತಂತಿ ಎಲ್ಲಿ?"
"ಇನ್ನೂ ಹಾಕಿಲ್ಲಲ್ರಿ."
"ಹಾಕ್ತೀವಿ. ನೀವು ಮೊದಲೇ ಹಾಕ್ರಿ."
ಆಮೇಲೆ ಬೂಟಿನ ತುದಿ ತೋರಿಸಿ,
"ಇವೇನು, ಕಲ್ಲಾ?"
ಬಾಕಿ ರೊಕ್ಕ ಅವರ ಜೇಬಿನಲ್ಲಿತ್ತು.
"ಹೂಂ ರೀ" ಅಂದೆ, "ಕಲ್ಲು."

ಬಾರದ ತಂತಿಯನ್ನು ಮಧ್ಯಾಹ್ನವೇ ಎಳೆದುಬಿಟ್ಟೆ.
ಸ್ಕೇಲು ಹಿಡಿದರೆ ಸಾಕು, ಏನು ಕಷ್ಟ.

ಕಳೆದ ಶನಿವಾರ ಬೀದರಿಗೆ ಹೊರಟಿದ್ದೆ.
ಗೋಡೆಯ ಕೆಳಭಾಗಕ್ಕೆ ಜನ ತಲೆಯೊರಗಿಸಿ ಒರಗಿಸಿ
ಎಣ್ಣೆಯ ಕಲೆ ಕಪ್ಪಗೆ ಕೂತಿದೆ.
ಥಾವರಿಬಾಯಿ ನೆಲದ ಮೇಲೆ, ಬುಟ್ಟಿ ಮಡಿಲಿನ ಹತ್ತಿರ,
ಕೈಯಲ್ಲಿ ಕಲಬುರಗಿಯ ಟಿಕೀಟು:
"ಬಸ್ಸಿಗಿಂತ ಅಗ್ಗ, ತಮ್ಮಾ. ಹಣ್ಣೂ ಕೆಡಂಗಿಲ್ಲ."
ಬೆನ್ನು ಹನ್ನೊಂದನೇ ಬೊಡ್ಡೆಗೆ.
ಗೊತ್ತಿದ್ದು ಕೂತಳೋ, ಜಾಗ ಇದ್ದದ್ದು ಅಲ್ಲೋ,
ಕೇಳಲಿಲ್ಲ.
ಅವಳ ರೈಲು ಹದಿನೈದು ನಿಮಿಷ ಲೇಟು.