ಕೊಸರು

ಇಪ್ಪತ್ತೆರಡು ವರ್ಷ ಕಲಾಸಿಪಾಳ್ಯದ ಮಂಡಿಯಲ್ಲಿ
ಪಟ್ಟಿ ಬರೆದವನು ನಾನು.
ಬೆಳಗಿನ ಜಾವ ಮೂರೂವರೆ. ನೊಣ ಮುತ್ತಿದ ಬಲ್ಬು.
ಕಾಲಡಿ ಕೋಸಿನೆಲೆ, ಕೆಸರು, ಚೆಲ್ಲಿದ ಚಾ.
ಟವೆಲ್ಲಿನಡಿ ಎರಡು ಕೈ ಮಾತಾಡಿ ಮುಗಿಸಿದ್ದನ್ನು
ಸಾಹುಕಾರರು ಕಣ್ಣಲ್ಲೇ ಹೇಳುವರು,
ಕಾರ್ಬನ್ ಇಟ್ಟು ನಾನು ಒತ್ತಿ ಬರೆಯುವೆ.

ಮೂಟೆಗೆ ಎರಡು ಕೇಜಿ ಸೂಟು.
ಹಮಾಲಿ. ಗಾಡಿ. ನೂರಕ್ಕೆ ಹತ್ತು ಕಮಿಷನ್.
ಧರ್ಮ ಅಂತಲೂ ಒಂದು ಕಾಲಮ್ಮಿತ್ತು,
ಯಾರ ಧರ್ಮ ಅಂತ
ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.
ಕಳೆದು ಕಳೆದು ಉಳಿದದ್ದರ ಕೆಳಗೆ ಎರಡು ಗೆರೆ.
ಬಾಬಾಜಾನನ ಅಕ್ಷರ ಮುತ್ತು ಅನ್ನುತ್ತಿದ್ದರು,
ಓದಲು ಬಾರದವರೂ.

ಸಾಹುಕಾರರು ಹೋದರು. ಮಕ್ಕಳು ಕಂಪ್ಯೂಟರ್ ತಂದರು.
ಮುತ್ತಿಗೆ ಕೆಲಸ ತಪ್ಪಿತು.

ಆಮೇಲೆ ತಾವರೆಕೆರೆ ಕಡೆಯ ಹನ್ನೊಂದು ಊರಿನವರು ಕೂಡಿ
ವಿಜಯನಗರದಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ
ಭಾನುವಾರದ ಸಂತೆ ಹೂಡಿದರು.
ಲೆಕ್ಕಕ್ಕೊಬ್ಬ ಬೇಕಿತ್ತು. ಹೋದೆ.

ಮೊದಲ ತಕ್ಕಡಿಯ ಹಿಂದೆ ಅಕ್ಕಯ್ಯಮ್ಮ.
ಹದಿನೆಂಟು ಗುಂಟೆ, ಹೀರೆ, ಹಸಿಮೆಣಸು, ದಂಟು.
ನನ್ನನ್ನು ನೋಡಿ ನಕ್ಕಳು.
‘ನೀನೂ ಬಂದ್ಯಾ ಬಾಬಾಜಾನಣ್ಣ, ಸದ್ಯ’ ಅಂದಳು.
ಆ ‘ಸದ್ಯ’ಕ್ಕೆ ಏನರ್ಥ ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ.

ಏಳಕ್ಕೆ ಮೊದಲ ಗಿರಾಕಿ. ನಾಯಿ ಹಿಡಿದ ಮೇಷ್ಟರು.
‘ಹೀರೇಕಾಯಿ ಎಷ್ಟಮ್ಮ?’

ಅವಳು ತಿರುಗಿ ನನ್ನ ಮುಖ ನೋಡಿದಳು.

ಅಭ್ಯಾಸ. ಅಷ್ಟೇ. ಇಪ್ಪತ್ತು ವರ್ಷ
ಬೀಜ ಅವಳದು, ಬಳ್ಳಿ ಅವಳದು,
ಅಂಕಿ ಮಾತ್ರ ನನ್ನ ಪೆನ್ನಿನದು.
ನಾನು ನೆಲ ನೋಡಿದೆ.
ನಾಯಿ ಚಪ್ಪರದ ಕಂಬ ಮೂಸಿತು.
ಬಹಳ ಹೊತ್ತಾಯಿತು ಅನ್ನಿಸಿತು,
ಅಷ್ಟರಲ್ಲಿ ಅವಳು ಬೆರಳ ಗಿಣ್ಣು ಎಣಿಸತೊಡಗಿದ್ದಳು:
ಬೀಜ, ಗೊಬ್ಬರ, ಹಂಬಿಗೆ ಹಗ್ಗ,
ರಾತ್ರಿ ಎರಡಕ್ಕೆ ಕರೆಂಟು ಬಂದಾಗ
ಎದ್ದು ನೀರು ಕಟ್ಟಿದ ಹನ್ನೆರಡು ರಾತ್ರಿ,
ಆಮೇಲೆ ಒಂದು ಗಿಣ್ಣಿನ ಮೇಲೆ ಹೆಬ್ಬೆರಳು ನಿಂತಿತು:
‘ನನ್ನ ಕೂಲಿ?’
ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡಳು.

‘ಮೂವತ್ತೆಂಟು.’

‘ಮೂವತ್ತೈದು ಮಾಡ್ಕೊಳ್ಳಿ.’
‘ಇಲ್ಲ ಸ್ವಾಮಿ.’
ತೂಗಿ ಕೊಟ್ಟು, ಮೇಲೊಂದು ಹಿಡಿ ಕರಿಬೇವು ಇಟ್ಟಳು.
ಬೆಲೆ ಇಳಿಯಲಿಲ್ಲ, ಕೊಸರು ಬಂತು;
ಮೇಷ್ಟರ ಮುಖವೂ ಇಳಿಯಲಿಲ್ಲ.

ಎಲ್ಲ ಸಲೀಸಾಗಲಿಲ್ಲ, ಸುಳ್ಳು ಬರೆಯಲಾರೆ.
ವ್ಯಾನಿನ ಹುಡುಗರು ಬಂದು
ನೆಟ್ಟಗಿದ್ದ ಹೀರೆಯಷ್ಟೇ ಆರಿಸಿ ಒಯ್ದರು.
ಡೊಂಕಿನವು ಡೊಂಕಾಗಿಯೇ ಉಳಿದವು.
ಹನ್ನೊಂದಕ್ಕೆ ದಂಟು ಬಾಡಿತು.
ಒಂದು ಮೂಟೆ ಮತ್ತೆ ಕಲಾಸಿಪಾಳ್ಯಕ್ಕೇ,
ಅದೇ ಟೆಂಪೋದಲ್ಲಿ,
ಈಗ ಯಾವ ಮಷೀನು ಅದರ ಪಟ್ಟಿ ಉಗುಳಿತೋ.

ನಡುವೆ ಕಂಡೆ: ಮೆಣಸಿನಕಾಯಿಗೆ ಪೊಟ್ಟಣ ಕಟ್ಟುತ್ತಿದ್ದಾಳೆ.
ಹಳದಿ ಕಾಗದ, ನೇರಳೆ ಅಕ್ಷರ.
ಸರಿಗೆಗೆ ಚುಚ್ಚಿ, ಸೂರಿಗೆ ಕಟ್ಟಿ,
ಇಷ್ಟು ವರ್ಷ ಕಾದಿಟ್ಟ ಪಟ್ಟಿಗಳು.
ನನ್ನ ದುಂಡಕ್ಷರ ಸುರುಳಿ ಸುತ್ತಿಕೊಂಡು
ವಿಜಯನಗರದ ಮನೆಮನೆಗೆ ಹೊರಟಿತ್ತು.
ಒಂದು ಹುಡುಗಿ ಬಿಡಿಸಿ ಓದಿ ಕೇಳಿದಳು,
‘ಅಂಕಲ್, ಸೂಟು ಅಂದ್ರೇನು?’
ಹಾಕ್ಕೊಳ್ಳೋದಲ್ಲ ಮಗಾ, ಅಂದೆ. ಕಳಚೋದು.
ಅವಳಿಗೆ ತಿಳಿಯಲಿಲ್ಲ. ಅಕ್ಕಯ್ಯಮ್ಮ ಕೇಳಿಸಿಕೊಂಡಳು.
ಏನೂ ಅನ್ನಲಿಲ್ಲ.

ಹೊರಡುವಾಗ ನನಗೂ ಒಂದು ಪೊಟ್ಟಣ, ಕಾಲು ಕೇಜಿ.
ಕಾಸು ಎಣಿಸಿಯೇ ತೆಗೆದುಕೊಂಡಳು, ಒಳ್ಳೆಯದಾಯಿತು.

ಮನೆಯಲ್ಲಿ ಬಿಡಿಸಿದೆ. ನಲವತ್ತೆರಡು ಕೇಜಿ ಹೀರೆ,
ಎಲ್ಲ ಕಳೆದು ಉಳಿಕೆ ಇಪ್ಪತ್ತಾರು ರೂಪಾಯಿ,
ಕೆಳಗೆ ಎರಡು ಗೆರೆ, ನೆಟ್ಟಗೆ.
ಮೆಣಸಿನಕಾಯಿಯನ್ನು ಹಳೆಯ ತಕ್ಕಡಿಗೆ ಹಾಕಿದೆ,
ಚಟ, ಏನು ಮಾಡಲಿ.
ಕಾಲು ಕೇಜಿ ಕಲ್ಲು ಮೇಲೆದ್ದಿತು.
ಒಂದೊಂದೇ ಕಾಯಿ ಇಳಿಸಿದೆ, ಸಮವಾಗುವ ತನಕ.
ಹನ್ನೊಂದು ಕಾಯಿ ಹೆಚ್ಚಿಗೆ ಇತ್ತು.