ಬಲದಿಂದ ಎಡಕ್ಕೆ

ಫರಾಮರ್ಜ್ ಅನ್ನುವ ಹೆಸರು
ಶಿವರಾಮಪೇಟೆಯ ನಾಲಗೆಗೆ ಹೊರಳಲಿಲ್ಲ.
ಎರಡೇ ತಿಂಗಳಲ್ಲಿ ಪರಮೇಶ ಆದ.

ಬಿ.ಕಾಂ. ಓದಲು ಶಿರಾಜಿನಿಂದ ಬಂದವನು.
ಅಲ್ಲಿ ದೊರೆ ಬಿದ್ದ, ಇಲ್ಲಿ ಮನಿಯಾರ್ಡರು ನಿಂತಿತು.
ನಮ್ಮ ಹಿತ್ತಲಿನ ಹಳೇ ಬಚ್ಚಲನ್ನು
ತಿಂಗಳಿಗೆ ನಲವತ್ತು ರೂಪಾಯಿಗೆ ಹಿಡಿದ.
ಹಂಡೆ ಹೊರಗೆ ಹೋಯಿತು, ಕೆಂಪು ಬಲ್ಬು ಒಳಗೆ ಬಂತು.
ನೀರು ಹೊರುವುದು ನನ್ನ ಪಾಲಿಗೆ.
ಕೂಲಿಯೆಂದರೆ, ಅವನು ಟ್ರೇ ಅಲುಗಿಸುವಾಗ
ಉಸಿರು ಬಿಗಿಹಿಡಿದು ಪಕ್ಕದಲ್ಲಿ ನಿಲ್ಲುವುದು.

ಬಿಳೀ ಹಾಳೆ. ಏನಿಲ್ಲ. ಏನಿಲ್ಲ.
ಆಮೇಲೆ ಮೊದಲು ಬರುವುದು ಕಪ್ಪು:
ಟಾಂಗಾದ ಗಾಲಿ, ಬಿಚ್ಚಿದ ಕೊಡೆ, ಯಾರದೋ ಮೀಸೆ.
ಮುಖ ತಡವಾಗಿ.
ಹಲ್ಲು ಬರುವುದೇ ಇಲ್ಲ,
ಹಾಳೆಯೇ ಹಲ್ಲು.

ಅರಮನೆಯನ್ನು ಒಂದು ಸಲವೂ ತೆಗೆಯಲಿಲ್ಲ.
ಅದಕ್ಕೆ ಬೆನ್ನು ಕೊಟ್ಟು ನಿಂತು
ಅದನ್ನು ನೋಡುವವರನ್ನು ತೆಗೆದ:
ಭಾನುವಾರ ಸಂಜೆ ದೀಪ ಹತ್ತಿದ ಕ್ಷಣಕ್ಕೆ
ತೆರೆದೇ ಉಳಿದ ಬಾಯಿಗಳು,
ಅಪ್ಪನ ಹೆಗಲ ಮೇಲೆ ನಿದ್ದೆ ಹೋದ ಮಳವಳ್ಳಿಯ ಕೂಸು.
"ಮನೆ ಚೆನ್ನಾಗಿದೆ," ಎನ್ನುತ್ತಿದ್ದ, "ದೊರೆಗಳು ಸಾಕು ನನಗೆ."

ಹೊಟ್ಟೆಪಾಡಿಗೆ ಅಶೋಕ ರಸ್ತೆಯ ಸ್ಟುಡಿಯೋದಲ್ಲಿ
ಗಲ್ಫಿಗೆ ಹೊರಟವರ ಪಾಸ್‌ಪೋರ್ಟ್ ಫೋಟೋ.
"ನಗಬೇಡಿ, ಕಿವಿ ಕಾಣಲಿ."
ಅವನ ಪಾಸ್‌ಪೋರ್ಟಿನ ಅವಧಿ ಮುಗಿದು ಆಗ ಮೂರು ವರ್ಷ.

ಒಮ್ಮೆ ಮಾತ್ರ ನನ್ನಮ್ಮ ಬಟನ್ ಒತ್ತಿದಳು,
ಹಿತ್ತಲಲ್ಲಿ, ಸೀಬೆಗಿಡದ ಕೆಳಗೆ ನಾವಿಬ್ಬರು.
ನೆಗೆಟಿವ್ ಬಿಸಿಲಿಗೆ ಹಿಡಿದು ನೋಡಿದರೆ
ನಾನು ಬೆಳ್ಳಗೆ, ಅವನು ಕರ್ರಗೆ.
ಅವನು ಮನೆಯವನು.
ನಾನೇ ಬಾಡಿಗೆಗೆ ಬಂದವನು.

ಕಾಲೇಜು ಬಿಟ್ಟಮೇಲೆ ಉಳಿದ ಲೆಡ್ಜರ್ ಪುಸ್ತಕಕ್ಕೆ
ಚಿತ್ರ ಅಂಟಿಸುತ್ತಿದ್ದ. ಕೊನೆಯ ಹಾಳೆಯೇ ಅವನ ಮೊದಲ ಹಾಳೆ.
ಬಲದಿಂದ ಎಡಕ್ಕೆ ಒಂದೊಂದೇ ಚೌಕ,
ಅವನ ಲಿಪಿ ನಡೆಯುವ ದಾರಿಯಲ್ಲಿ.

ನಾನು ಕನ್ನಡ ಶಾಲೆಯ ಹುಡುಗ, ಎಡದಿಂದ ಓದುತ್ತೇನೆ:
ದೇವರಾಜ ಮಾರ್ಕೆಟ್ಟಿನಲ್ಲಿ ಮೊದಲು ಕತ್ತಲು,
ಆಮೇಲೆ ಮಧ್ಯಾಹ್ನ, ಆಮೇಲೆ ಬೆಳಗು.
ಯಾವಳದೋ ಮುಡಿಯಿಂದ ಮಲ್ಲಿಗೆ ಇಳಿದು
ಚೆನ್ನಾಜಮ್ಮನ ಮೊಳಕೈಗೆ ಬಂದು
ಅಳತೆ ಮರೆತು ಬುಟ್ಟಿ ಸೇರುತ್ತದೆ.
ಖಲಂದರ್ ಸಾಬರ ಕುದುರೆ ದೊಡ್ಡ ಗಡಿಯಾರ ದಾಟಿ
ಹಿಂದುಹಿಂದಕ್ಕೆ ಲಾಯಕ್ಕೆ ಹೋಗಿ
ತಿಂದ ಹುಲ್ಲನ್ನು ಒಪ್ಪವಾಗಿ ಒಟ್ಟಿಡುತ್ತದೆ.
ಜೇಬುಗಳ್ಳನೊಬ್ಬ, ಅಷ್ಟೇ ಎಚ್ಚರದಿಂದ, ಅತ್ತಿತ್ತ ನೋಡಿ,
ಒಡೆಯನ ಜೇಬಿಗೆ ಪರ್ಸು ತುರುಕಿ
ಬರಿಗೈಯಲ್ಲಿ ಮನೆಗೆ ನಡೆಯುತ್ತಾನೆ.

"ಎಲ್ಲ ಉಲ್ಟಾ, ಪರಮೇಶಣ್ಣ."
"ಉಲ್ಟಾ ನಿನ್ನ ಕಣ್ಣು," ಎಂದು ಗೋಂದಿನ ಬೆರಳಿಂದಲೇ
ನನ್ನ ಮೂಗು ಹಿಂಡಿದ.

ಎಂಬತ್ತೇಳರಲ್ಲಿ ಯಾವುದೋ ದೇಶದಿಂದ ಕಾಗದ ಬಂತು,
ಯಾವ ದೇಶವೆಂದು ಅಮ್ಮ ಕೇಳಿದಳು,
ಹೇಳಿದ, ನಮಗೆ ಹೊರಳಲಿಲ್ಲ.
ರಾತ್ರಿಗಾಡಿ. ಸ್ಟೇಷನ್ನಿನಲ್ಲಿ ಕ್ಯಾಮೆರಾ ನನ್ನ ಕೊರಳಿಗೆ ಹಾಕಿ
"ಇನ್ನೂ ಒಂಬತ್ತು ಉಳಿದಿವೆ, ಮುಗಿಸು" ಅಂದ.
ಮುಗಿಸಿದೆ. ತೊಳೆದೆ. ಅವನ ಲೆಡ್ಜರಿನಲ್ಲೇ
ಅವನು ಅಂಟಿಸುವ ಹಾಗೆಯೇ ಅಂಟಿಸಿದೆ.
ಕೈ ಅಲುಗಿ ಮೂರು ಮಸುಕು.

ನಿನ್ನೆ ಮತ್ತೆ ತೆಗೆದೆ. ಕನ್ನಡಕ ಹಾಕಿಕೊಂಡು,
ಬೇಕೆಂತಲೇ, ಎಡದಿಂದ:

ಖಾಲಿ ಹಳಿ.
ದೂರದಲ್ಲಿ ಕೊನೆಯ ಡಬ್ಬಿ, ಚಿಕ್ಕದು.
ಅದೇ ಡಬ್ಬಿ, ದೊಡ್ಡದು.
ಕಿಟಕಿಯಲ್ಲೊಂದು ಕೈ.
ಬಾಗಿಲಲ್ಲಿ ಅವನು, ಒಂದು ಕಾಲು ಪ್ಲಾಟ್‌ಫಾರಮ್ಮಿನ ಮೇಲೆ.
ಟ್ರಂಕು ನೆಲದಲ್ಲಿದೆ.
ಕೂಲಿಯವನಿಗೆ ಕೊಡಲು ಜೇಬು ತಡಕುತ್ತಿದ್ದಾನೆ.
ಆಮೇಲೆ ನನ್ನ ಕಡೆ ತಿರುಗಿ, ಬಾಯಿ ಅರ್ಧ ತೆರೆದು,
ಏನೋ ಕೇಳುತ್ತಿದ್ದಾನೆ.
ಚಿಲ್ಲರೆ ಇದೆಯಾ ಎಂದಿರಬೇಕು.
ಇಲ್ಲ, ಶಿವರಾಮಪೇಟೆಗೆ
ಯಾವ ಕಡೆ ಹೋಗಬೇಕು ಎಂದು.